ಮುಗಿಯದ ಕಥೆಯ ಕಣ್ಣೀರು

ಧಾರಾವಾಹಿಯ ತಾಯಿ ಮಗನನ್ನು ನೆನೆದು ಅತ್ತರೆ ನೋಡುವವರ ಕಣ್ಣೂ ತೇವವಾಗುತ್ತದೆ. ಆಕೆ ನಟಿ, ಆ ಮನೆ ಬರೀ ಸೆಟ್ಟು ಎಂಬುದು ನೋಡುವವರಿಗೆ ಗೊತ್ತಿಲ್ಲದ್ದೇನಲ್ಲ. ಹಾಗಿದ್ದೂ ಬರುವ ಈ ಕಣ್ಣೀರು ಮೋಹವೋ, ರಸವೋ? ಮೋಹವಾದರೆ ಅದು ಬಿಡಬೇಕಾದ ಕಟ್ಟು. ರಸವಾದರೆ ಮನಸ್ಸು ‘ನಾನು’, ‘ನನ್ನವರು’ ಎಂಬ ಬೇಲಿಯನ್ನು ಕ್ಷಣಹೊತ್ತು ದಾಟಿದ ಗುರುತು.

ತತ್ತ್ವಚಿಂತನೆಗೂ ಕುಟುಂಬಕ್ಕೂ ಇರುವ ನಂಟು ಹಳೆಯದು. ಭಗವದ್ಗೀತೆ ಆರಂಭವಾಗುವುದೇ ಅಜ್ಜ, ಗುರು, ಸೋದರಮಾವ, ಭಾವಮೈದುನರನ್ನು ಎದುರಿಗೆ ಕಂಡು ಅರ್ಜುನನ ಕೈಯ ಬಿಲ್ಲು ಜಾರುವಲ್ಲಿ. ಅದೇ ಗೀತೆ 13ನೇ ಅಧ್ಯಾಯದಲ್ಲಿ ಹೆಂಡತಿ, ಮಕ್ಕಳು, ಮನೆಗಳಿಗೆ ಅಂಟಿಕೊಳ್ಳದಿರುವುದನ್ನು ಜ್ಞಾನದ ಲಕ್ಷಣಗಳಲ್ಲಿ ಸೇರಿಸುತ್ತದೆ. ಜನರ ಮಾತಿನಲ್ಲಿ ಇವೆರಡರ ನಡುವೆ ನಿಂತ ಪದ ‘ಋಣಾನುಬಂಧ’. ನಂಟು ಆರಿಸಿಕೊಂಡದ್ದಲ್ಲ, ತೀರಿಸಲು ಬಂದದ್ದು. ಋಣ ಮುಗಿದ ದಿನ ಕಳಚಿಕೊಳ್ಳುವಂಥದ್ದು.

ಭಾರತದ ಕಿರುತೆರೆ ಈ ನಂಟನ್ನು ಬಂಡವಾಳ ಮಾಡಿಕೊಂಡದ್ದು 1984ರ ಜುಲೈಯಲ್ಲಿ ದೂರದರ್ಶನದಲ್ಲಿ ಬಂದ ‘ಹಮ್ ಲೋಗ್’ನಿಂದ. ಮೆಕ್ಸಿಕೊದ ಬೋಧಪ್ರದ ಧಾರಾವಾಹಿಗಳು ಅದಕ್ಕೆ ಮಾದರಿ. 1987ರಲ್ಲಿ ಬಂದ ರಮಾನಂದ ಸಾಗರರ ‘ರಾಮಾಯಣ’ ಮಲತಾಯಿಯ ವರ, ತಂದೆಯ ಸಾವು, ತಮ್ಮ ಹೊತ್ತ ಅಣ್ಣನ ಪಾದುಕೆಗಳನ್ನು ಭಾನುವಾರದ ಬೆಳಗಿಗೆ ತಂದಿತು. ಪುರಾಣವನ್ನು ನೋಡಿದ ಕಣ್ಣೇ ಮುಂದೆ ಸಂಸಾರದ ಕಥೆಯನ್ನೂ ನೋಡಿತು. ಕನ್ನಡದಲ್ಲಿ 1998ರ ‘ಮಾಯಾಮೃಗ’ ಮಧ್ಯಮವರ್ಗದ ಮನೆಗಳ ಒಳಮಾತನ್ನು ಹಿಡಿಯಿತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ರೂಪಿಸಿದ ಆ ಧಾರಾವಾಹಿಯ ಹೆಸರೇ ಒಂದು ವ್ಯಾಖ್ಯಾನ. ಬೆನ್ನಟ್ಟಿದ್ದು ಜಿಂಕೆಯಲ್ಲ ಎಂಬುದು ತಡವಾಗಿ ತಿಳಿಯುತ್ತದೆ.

ಇಲ್ಲಿ ಕನ್ನಡದ್ದೇ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ‘ಅತ್ತೆ’ ಗಂಡನ ತಾಯಿಯೂ ಹೌದು, ತಂದೆಯ ತಂಗಿಯೂ ಹೌದು. ‘ಮಾವ’ ಎಂದರೆ ತಾಯಿಯ ತಮ್ಮನೂ ಆಗಬಹುದು. ಸೋದರಸಂಬಂಧದ ಮದುವೆ ನಡೆಯುವ ಸಮಾಜದಲ್ಲಿ ಸೊಸೆ ಹೊರಗಿನಿಂದ ಬಂದವಳೇ ಆಗಬೇಕಿಲ್ಲ, ಎತ್ತಿ ಆಡಿಸಿದ ಮಗುವೂ ಆಗಿರಬಹುದು. ಹಿಂದಿಯ ಸಾಸ್ ಮತ್ತು ಬಹೂ ಹಾಗಲ್ಲ. ಬಹೂ ಬೇರೆ ಊರಿನ, ಅಪರಿಚಿತ ಮನೆಯ ಹೆಣ್ಣು. ಅಲ್ಲಿಯ ಹಗೆತನವನ್ನು ಹಾಗೇ ಎತ್ತಿ ತಂದ ರೀಮೇಕುಗಳಲ್ಲಿ ಅತ್ತೆಯ ಕಣ್ಣು ಮಾತ್ರ ಕೆಂಪಗಿರುತ್ತದೆ, ಆ ಪದದೊಳಗಿನ ರಕ್ತ ಬತ್ತಿರುತ್ತದೆ.

ಕಣ್ಣೀರಿನ ಪ್ರಶ್ನೆಗೆ ಅತ್ಯಂತ ನಿಖರ ಉತ್ತರ ಕೊಟ್ಟವನು ಸಾವಿರ ವರ್ಷದ ಹಿಂದಿನ ಕಾಶ್ಮೀರದ ಅಭಿನವಗುಪ್ತ. ನಾಟ್ಯಶಾಸ್ತ್ರದ ಮೇಲೆ ಅವನು ಬರೆದ ‘ಅಭಿನವಭಾರತಿ’ಯ ಪ್ರಕಾರ, ರಂಗದ ಮೇಲಿನ ಶೋಕ ಪಾತ್ರಧಾರಿಯದಲ್ಲ, ನೋಡುವವನ ಖಾಸಗಿ ಶೋಕವೂ ಅಲ್ಲ. ಯಾರದ್ದೂ ಅಲ್ಲದ್ದರಿಂದಲೇ ಅದು ಎಲ್ಲರದ್ದಾಗುತ್ತದೆ. ಇದಕ್ಕೆ ಸಾಧಾರಣೀಕರಣ ಎಂದು ಹೆಸರು. ರಸಕ್ಕೆ ಅಡ್ಡಬರುವ ವಿಘ್ನಗಳನ್ನೂ ಅವನು ಹೇಳುತ್ತಾನೆ. ಸ್ವಂತ ಸುಖದುಃಖಗಳಲ್ಲೇ ಮುಳುಗಿರುವುದು ಅವುಗಳಲ್ಲೊಂದು. ಪರದೆಯ ಸೊಸೆಯನ್ನು ಕಂಡು ‘ನನ್ನ ಗತಿಯೂ ಇದೇ’ ಎಂದು ಅಳುವವರಲ್ಲಿ ರಸ ಹುಟ್ಟಿಲ್ಲ, ಹಳೆಯ ಗಾಯ ಕೆರಳಿದೆ ಅಷ್ಟೆ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ತಾಯಿ ಗಂಡುಮಗುವಿಲ್ಲವೆಂದು ಗಂಡ ಬಿಟ್ಟುಹೋದವಳು. ಅವಳಿಗಾಗಿ ಗಂಡುಮಕ್ಕಳ ತಾಯಿಯೂ ಅತ್ತರೆ ಅಲ್ಲಿ ಬೇಲಿ ದಾಟಿದಂತೆ.

ಆದರೆ ಅಭಿನವಗುಪ್ತನ ಇನ್ನೊಂದು ಷರತ್ತನ್ನು ಧಾರಾವಾಹಿ ಪೂರೈಸಲಾರದು. ರಸವೆಂದರೆ ವಿಶ್ರಾಂತಿ, ಚಿತ್ತ ಬೇರೇನನ್ನೂ ಬಯಸದೆ ತನ್ನಲ್ಲೇ ನೆಲೆನಿಲ್ಲುವುದು. ಭರತಮುನಿ ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು, ಎಂದರೆ ಕಥೆ ಆರಂಭದಿಂದ ಮುಕ್ತಾಯಕ್ಕೆ ಸಾಗುವ ಘಟ್ಟಗಳನ್ನು, ಹೇಳಿದ್ದು ಅಲ್ಲಿಗೆ ಮುಟ್ಟಲೆಂದೇ. ದಿನನಿತ್ಯದ ಧಾರಾವಾಹಿ ಗರ್ಭ, ವಿಮರ್ಶಗಳಲ್ಲೇ ಸುತ್ತುತ್ತದೆ; ಪ್ರತಿ ಕಂತೂ ಗಂಟಿನಲ್ಲಿ ನಿಲ್ಲುತ್ತದೆ. 2013ರ ಕೊನೆಯಲ್ಲಿ ಶುರುವಾದ ‘ಅಗ್ನಿಸಾಕ್ಷಿ’ ಮುಗಿದದ್ದು 2020ರಲ್ಲಿ. ಆರು ವರ್ಷ ಮುಂದೂಡಿದ ನಿರ್ವಹಣ ಬಂದಾಗ ಅದು ಬಿಡುಗಡೆಯಂತಲ್ಲ, ಅಭ್ಯಾಸ ತಪ್ಪಿದಂತೆ ಕಾಣುತ್ತದೆ.

‘ಧಾರಾವಾಹಿ’ ಎಂಬ ಪದಕ್ಕೆ ಎಡೆಬಿಡದೆ ಹರಿಯುವುದು ಎಂದರ್ಥ. ದಾಂಡೇಲಿಗೆ ಹತ್ತಿರದ ಮೌಳಂಗಿಯಲ್ಲಿ ನಿಂತು ಕಾಳಿ ನದಿ ನೋಡಿದರೆ ಈ ಪದದ ಇನ್ನೊಂದು ಮುಖ ತಿಳಿಯುತ್ತದೆ. ಮಳೆಗಾಲ ಬಿಟ್ಟರೆ ಅಲ್ಲಿಯ ನೀರಿನ ಏರಿಳಿತ ಹೆಚ್ಚಾಗಿ ಮೇಲಿನ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ಬಿಡುವ ನೀರನ್ನು ಅವಲಂಬಿಸಿದೆ. ಧಾರಾವಾಹಿಯ ಕಣ್ಣೀರಿಗೂ ಇಂಥದೊಂದು ತೂಬು ಉಂಟು, ಅದರ ಹೆಸರು ಟಿಆರ್‌ಪಿ. ವಾರದ ಅಂಕ ಇಳಿದರೆ ಸತ್ತವನು ಎದ್ದುಬರುತ್ತಾನೆ, ಒಲಿದವರು ಮತ್ತೆ ಮುನಿಯುತ್ತಾರೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿದ ಕಾಳಿಯಾದರೂ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ.

ಅದೇ ಸೀಮೆಯ ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟಿಯನ್ನರ ನೆಲೆಯಿದೆ. ಗಾಂದೆನ್ ಮತ್ತು ಡ್ರೆಪುಂಗ್ ಮಠಗಳು ಅಲ್ಲಿ ಮರುಸ್ಥಾಪನೆಯಾಗಿವೆ. ಆ ಪರಂಪರೆಯ ಧ್ಯಾನವೊಂದು ತಾಯಿಯಿಂದಲೇ ಹೊರಡುತ್ತದೆ. ಎಣಿಕೆಯಿಲ್ಲದ ಜನ್ಮಗಳಲ್ಲಿ ಪ್ರತಿ ಜೀವಿಯೂ ಒಮ್ಮೆ ತಾಯಿಯಾಗಿತ್ತು ಎಂದು ಗುರುತಿಸಬೇಕು. ಅವಳ ಉಪಕಾರ ನೆನೆಯಬೇಕು. ಅದನ್ನು ತೀರಿಸಲು ಮನಸ್ಸು ಮಾಡಬೇಕು. ಇದೂ ಋಣಾನುಬಂಧವೇ, ಆದರೆ ಲೆಕ್ಕದ ಪುಸ್ತಕಕ್ಕೆ ಅಂಚಿಲ್ಲ. ತಾಯ್ತನವನ್ನು ಧಾರಾವಾಹಿ ಒಂದೇ ಮನೆಯ ಬೀಗದಕೈ ಗೊಂಚಲಿಗೆ ಇಳಿಸಿದರೆ, ಈ ಧ್ಯಾನ ಬಾಗಿಲನ್ನೇ ತೆಗೆದಿಡುತ್ತದೆ. ಎರಡೂ ಹೊರಡುವುದು ಒಂದೇ ಭಾವದಿಂದ ಎಂಬುದನ್ನು ಮರೆಯುವ ವಿಮರ್ಶಕರು ಧಾರಾವಾಹಿಯ ಪ್ರೇಕ್ಷಕರನ್ನು ಸುಲಭವಾಗಿ ಹಂಗಿಸುತ್ತಾರೆ.

ಕಿರುತೆರೆಯೇ ಆ ಬಾಗಿಲಿನಾಚೆ ಹೋದ ನಿದರ್ಶನವೂ ಕನ್ನಡದಲ್ಲಿದೆ. ಎಸ್.ಎಲ್. ಭೈರಪ್ಪನವರ 1970ರ ಕಾದಂಬರಿ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿ ಈಟಿವಿ ಕನ್ನಡಕ್ಕಾಗಿ ಧಾರಾವಾಹಿ ಮಾಡಿದರು. ಅಲ್ಲಿಯ ಗಂಗಮ್ಮ ತಾಯಿಯೆಂಬ ಕಾರಣಕ್ಕೆ ಪೂಜ್ಯಳಲ್ಲ. ಅವಳ ಬಾಯಿಂದ ಬರುವುದು ಬೈಗುಳ. ಸೊಸೆ ನಂಜಮ್ಮ ಸಂಸಾರವನ್ನು ಹೊತ್ತು ಸವೆಯುತ್ತಾಳೆ, ಇಬ್ಬರು ಮಕ್ಕಳು ಪ್ಲೇಗಿಗೆ ಬಲಿಯಾಗುತ್ತಾರೆ, ಕೊನೆಗೆ ಅವಳೂ. ಕಥೆಗೆ ಅಂತ್ಯವಿದೆ, ಆದ್ದರಿಂದ ಶೋಕಕ್ಕೆ ನೆಲೆಯಿದೆ. ಉಳಿದ ಮಗು ವಿಶ್ವನನ್ನು ಕರೆದುಕೊಂಡು ಊರು ಬಿಡುವವನು ತಂದೆಯಲ್ಲ, ಅಜ್ಜಿಯೂ ಅಲ್ಲ; ಭಿಕ್ಷೆ ಬೇಡಿ ಬದುಕುವ, ಬಂಧುವೇ ಅಲ್ಲದ ಮಹದೇವಯ್ಯ.