ಶಕುನಿಯದೂ ಕೌಶಲವೇ

ತರೀಕೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನಿಗೆ ಯಾವ ಫೋನು ಮುಂದಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಅಜ್ಜಂಪುರ, ಕಡೂರು ಕಡೆಯ ಹುಡುಗರೂ ಬರುತ್ತಾರೆ. ಮೊದಲೆಲ್ಲ ಕ್ಯಾಮೆರಾ ಕೇಳುತ್ತಿದ್ದರು, ಈಗ ಗೇಮಿನದೇ ಚಿಂತೆ, "ಅಣ್ಣಾ, ಇದ್ರಲ್ಲಿ ಬಿಜಿಎಂಐ ಲ್ಯಾಗ್ ಆಗಲ್ವಾ?" ಅನ್ನುತ್ತಾರೆ. ಪೋಕೊ, ಐಕೂ, ರಿಯಲ್‌ಮಿ ಪೈಪೋಟಿಗಿಳಿದಿರುವುದೂ ಅದಕ್ಕೇ: ಪ್ರೊಸೆಸರ್ ಯಾವುದು, ಪರದೆ 120 ಹರ್ಟ್ಸ್ ಇದೆಯೇ, ಆಡುವಾಗ ಬಿಸಿಯಾಗುತ್ತದೆಯೇ. ಇದನ್ನೆಲ್ಲ ತೂಗಿ ಹೇಳಬಲ್ಲೆ. ಒಳಗಿನ ಆಟಗಳನ್ನು ತೂಗುವುದೇ ಕಷ್ಟ.

ಹಣ ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳು ಬಹಳ ಕಾಲ ಒಂದೇ ಮಾತಿನ ಮೇಲೆ ನಿಂತಿದ್ದವು: ನಮ್ಮದು ಅದೃಷ್ಟದ್ದಲ್ಲ, ಕೌಶಲದ ಆಟ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ತಡೆಯಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಗೆದ್ದದ್ದು ಕೌಶಲದ ವಾದ. ಕೌಶಲವಿದ್ದ ಮಾತ್ರಕ್ಕೆ ಪಣ ಕಟ್ಟುವುದು ಧರ್ಮವಾಗುತ್ತದೆಯೇ?

ಜೂಜು, ಧರ್ಮ ಎಂದರೆ ಮಹಾಭಾರತ ನೆನಪಾಗುತ್ತದೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ದೇವನೂರು ಪಕ್ಕದ ಕಡೂರು ತಾಲ್ಲೂಕಿನಲ್ಲಿದೆ. ನಮ್ಮ ಅಪ್ಪನಿಗೆ ಆ ಕಾವ್ಯವೆಂದರೆ ಪ್ರಾಣ. ಆದರೆ ಅದು ಶುರುವಾಗುವ ಹೊತ್ತಿಗೆ ಯುದ್ಧವೇ ಮುಗಿದಿರುತ್ತದೆ. ಈ ಪ್ರಶ್ನೆಗೆ ಮಹಾಭಾರತದ ಸಭಾಪರ್ವಕ್ಕೇ ಹೋಗಬೇಕು. ಅಲ್ಲಿನ ಜೂಜಿನ ಸಭೆಯಲ್ಲಿ ಕೌಶಲವಿದ್ದವನು ಶಕುನಿ. ಧರ್ಮರಾಯನಿಗೆ ಜೂಜಿನ ಮೋಹವಿದೆ, ಆಟ ಮಾತ್ರ ಬಾರದು ಎಂದು ಶಕುನಿಯೇ ಹೇಳುತ್ತಾನೆ. ಕೌಶಲವೊಂದೇ ಅಳತೆಗೋಲಾದರೆ ಹಸ್ತಿನಾವತಿಯ ಜೂಜಿನಲ್ಲಿ ತಪ್ಪೇನೂ ಉಳಿಯುವುದಿಲ್ಲ. ಶಕುನಿ ಮೋಸ ಮಾಡಿದನಲ್ಲ ಎನ್ನಬಹುದು. ಮೋಸವಿಲ್ಲದೆ ಗೆದ್ದಿದ್ದರೆ ದ್ರೌಪದಿಯನ್ನು ಪಣಕ್ಕೊಡ್ಡಿದ್ದು ಸರಿಯಾಗಿಬಿಡುತ್ತಿತ್ತೇ?

ಆ ಕೌಶಲ ಆಮೇಲೆ ಧರ್ಮರಾಯನಿಗೂ ಬಂತು: ವನವಾಸದಲ್ಲಿ ಬೃಹದಶ್ವ ಮುನಿ ಅವನಿಗೆ ನಳನ ಕಥೆ ಹೇಳಿ, ದಾಳದ ಮರ್ಮವಾದ ಅಕ್ಷಹೃದಯ ವಿದ್ಯೆಯನ್ನೂ ಕಲಿಸುತ್ತಾನೆ. ನಳ ಆ ವಿದ್ಯೆಯಿಂದಲೇ ರಾಜ್ಯವನ್ನು ಮರಳಿ ಗೆದ್ದವನು. ಧರ್ಮರಾಯ ಹಾಗೆ ಮಾಡಲಿಲ್ಲ. ಕಲಿತದ್ದನ್ನು ಅಜ್ಞಾತವಾಸದಲ್ಲಿ ವಿರಾಟನ ಅರಮನೆಯಲ್ಲಿ ಕಂಕನೆಂಬ ವೇಷಕ್ಕೆ ಬಳಸಿಕೊಂಡ, ಅಷ್ಟೆ.

ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಜೂಜು, ಅನುದ್ಯೂತ. ದ್ರೌಪದಿಗೆ ವರ ಕೊಟ್ಟು, ಸೋತದ್ದನ್ನೆಲ್ಲ ಹಿಂದಿರುಗಿಸಿ ಧೃತರಾಷ್ಟ್ರ ಪಾಂಡವರನ್ನು ಕಳಿಸಿದ್ದಾನೆ. ಊರು ಮುಟ್ಟುವ ಮೊದಲೇ ಮತ್ತೆ ಕರೆ ಬರುತ್ತದೆ. ಧರ್ಮರಾಯ ತಿರುಗಿ ಬರುತ್ತಾನೆ. ಕರೆದರೆ ಒಲ್ಲೆ ಎನ್ನಲಾಗದು ಎಂಬುದು ಅವನ ಕಟ್ಟು. ಹಾಗೆಯೇ ಸೋತು ರಮ್ಮಿ ಆ್ಯಪ್ ಮುಚ್ಚಿದವರಿಗೆ ಮರುದಿನವೇ "ನಿಮಗೆ ಬೋನಸ್ ಬಂದಿದೆ" ಎಂದು ಮೆಸೇಜು ಬಂದದ್ದನ್ನು ಗಿರಾಕಿಗಳ ಫೋನಿನಲ್ಲಿ ಕಂಡಿದ್ದೇನೆ. ಕೇಡು ದಾಳದಲ್ಲಿರುವುದಕ್ಕಿಂತ ಈ ಕರೆಯಲ್ಲಿದೆ. ಎದ್ದು ಹೋದವನನ್ನು ಹೋಗಲು ಬಿಡದಿರುವುದು ಹಿಂಸೆ ಎಂದೇ ನಾನು ನಂಬುತ್ತೇನೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟಿತು. ಹಣ ಗೆಲ್ಲುವ ಆಸೆ ತೋರಿಸಿ ಹಣ ಕಟ್ಟಿಸಿಕೊಳ್ಳುವ ಆಟ ನಡೆಸುವುದೇ ನಿಷಿದ್ಧ. ಫ್ಯಾಂಟಸಿ ಕ್ರಿಕೆಟ್ಟಿನ ಡ್ರೀಮ್ 11 ಹಣದ ಪಂದ್ಯಗಳನ್ನು ನಿಲ್ಲಿಸಿತು. ಮಾರುಕಟ್ಟೆಯಲ್ಲಿ ಮೊದಲ ಸಾಲಿನಲ್ಲಿದ್ದವರ ಜಾಗ ಕೆಲವೇ ದಿನಗಳಲ್ಲಿ ಖಾಲಿಯಾಯಿತು.

ಉಳಿದದ್ದು ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಂಥವು. ನಾಲ್ವರು ಗೆಳೆಯರು ಸ್ಕ್ವಾಡ್ ಕಟ್ಟಿ ಆಡುವ ಖುಷಿಯನ್ನು ನಾನು ದೂರಲಾರೆ. ಆದರೆ ಅಲ್ಲೂ ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯುವುದಿದೆ. ಒಳಗೆ ಯಾವ ವೇಷ, ಯಾವ ಬಂದೂಕಿನ ಬಣ್ಣ ಸಿಗುತ್ತದೋ ತೆರೆದ ಮೇಲೇ ಗೊತ್ತು. ಹಣವನ್ನೇನೂ ಗೆಲ್ಲುವುದಿಲ್ಲವಲ್ಲ, ಇದು ಜೂಜಲ್ಲ ಅನ್ನುತ್ತಾರೆ ಹುಡುಗರು. ಬೇಕಾದದ್ದು ಸಿಗುವವರೆಗೂ ತೆರೆಯುತ್ತಲೇ ಇರುವುದನ್ನು ನೋಡಿದ ನಾನು ಒಪ್ಪಲಾರೆ. ಆ ಪೆಟ್ಟಿಗೆಗೆ ದುಡ್ಡು ಹಾಕಲು ರೀಡೀಮ್ ಕೋಡ್ ಕೇಳಿ ಬಂದ ಶಾಲೆಯ ಮಕ್ಕಳಿಗೆ ಕೊಡುವುದಿಲ್ಲ. ಅವರು ಮುಂದಿನ ಅಂಗಡಿಗೆ ಹೋಗುತ್ತಾರೆಂದು ಗೊತ್ತಿದ್ದೂ ಕೊಡುವುದಿಲ್ಲ.