ಬಸುರಿ ಗದ್ದೆಗೆ ಬಯಕೆಯೂಟ

ಆಶ್ವಯುಜ ಹುಣ್ಣಿಮೆಯ ಹಿಂದಿನ ರಾತ್ರಿ ಸಾಗರ, ಹೊಸನಗರ ಸೀಮೆಯ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರಿಗೆ ನಿದ್ದೆಯಿಲ್ಲ. ಒಲೆಯ ಮೇಲೆ ಕಡುಬು ಬೇಯುತ್ತಿರುತ್ತದೆ. ಬೇಲಿ, ಬ್ಯಾಣ, ಕಾಡಂಚಿನಿಂದ ಆಯ್ದು ತಂದ ಬಗೆಬಗೆಯ ಸೊಪ್ಪುಗಳು ಬೆಂದು ಹಚ್ಚಂಬಲಿಯಾಗುತ್ತವೆ. ಪಕ್ಕದಲ್ಲಿ ಭೂಮಣ್ಣಿ ಬುಟ್ಟಿ. ಬಿದಿರಿನ ಆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಮನೆಯ ಹೆಣ್ಣುಮಕ್ಕಳೇ ಎಳೆಎಳೆಯಾಗಿ ಚಿತ್ತಾರ ಬರೆದಿದ್ದಾರೆ. ಬೆಳಕು ಹರಿಯುವ ಮುನ್ನ ಗಂಡಸರು ಅದನ್ನು ಹೊತ್ತು ಗದ್ದೆಗೆ ಇಳಿದು ಹಾಳಿಯುದ್ದಕ್ಕೂ, ಅಂದರೆ ಬದುವಿನುದ್ದಕ್ಕೂ, ಹಚ್ಚಂಬಲಿ ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಸೇರಿ ಭತ್ತದ ಸಸಿಗೆ ತಾಳಿಯಿಟ್ಟು ಪೂಜೆ ಮಾಡುತ್ತಾರೆ. ಬಡಿಸಿದ ಎಡೆಯಲ್ಲಿ ಕಾಗೆಗೂ ಇಲಿಗೂ ಪಾಲುಂಟು.

ಇದು ಭೂಮಿ ಹುಣ್ಣಿಮೆ. ಭತ್ತ ಆಗ ಹೊಡೆಯಲ್ಲಿರುತ್ತದೆ, ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆಯೂಟ ಬಡಿಸಬೇಕು.

ಇಬ್ಬನಿ ಇಳಿಯುವುದೂ ಅದೇ ಹೊತ್ತಿಗೆ. ಹಿಮ ಬೀಳುವ ನಾಡುಗಳಲ್ಲಿ ಒಂದೇ ರಾತ್ರಿಯ ಕೊರೆಯುವ ಚಳಿಗೆ ಗಿಡದೊಳಗಿನ ನೀರು ಹೆಪ್ಪುಗಟ್ಟಿ ಪೈರು ಕರಕಲಾಗುತ್ತದೆ. ಲಿಂಗನಮಕ್ಕಿ ಜಲಾಶಯದ ಸುತ್ತಿನ ಈ ಮಲೆನಾಡಿನಲ್ಲಿ ಅಂಥ ಚಳಿಯಿಲ್ಲ. ಇಲ್ಲಿಯ ಕೇಡು ಮೆಲ್ಲಗೆ ಬರುತ್ತದೆ. ಮಳೆ ಹಿಂದೆಗೆದು ರಾತ್ರಿ ತಂಪಾದಾಗ ಗರಿಗಳು ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತವೆ. ಆ ತೇವದಲ್ಲಿ ಬೆಂಕಿ ರೋಗದ ಶಿಲೀಂಧ್ರ ಮೊಳೆಯುತ್ತದೆ. ಗರಿಯ ಮೇಲೆ ಕದಿರಿನಾಕಾರದ ಚುಕ್ಕೆ ಮೂಡುತ್ತದೆ, ನಡುವೆ ಬೂದಿಬಣ್ಣ, ಅಂಚಿಗೆ ಕಂದು. ತೆನೆಯ ಕುತ್ತಿಗೆಗೆ ತಗುಲಿದರಂತೂ ಕಾಳಿಗೆ ಹಾಲು ತುಂಬುವುದಿಲ್ಲ; ನೆಟ್ಟಗೆ ನಿಂತ ತೆನೆಯಲ್ಲಿ ಬರೀ ಜೊಳ್ಳು.

ಹಾಗಾದರೆ ಉಣಿಸಿದ್ದು ಏನಾಯಿತು? ರಾತ್ರಿಯೆಲ್ಲ ಅಡುಗೆ ಮಾಡಿ ಬಡಿಸಿದವರ ಗದ್ದೆಗೇ ಬೆಂಕಿ ರೋಗ ಬಂದರೆ ಭೂಮ್ತಾಯಿ ಮುನಿದಳೆಂದೇ, ಅಥವಾ ಪೂಜೆಯೇ ಸುಳ್ಳೆಂದೇ? ಇದು ಎಲ್ಲ ಕಾಲದ ರೈತರ ಪ್ರಶ್ನೆ. ಐದನೆಯ ಶತಮಾನದಲ್ಲಿ ಫ್ರಾನ್ಸಿನ ವಿಯೆನ್ನ್ ಊರಿನ ಬಿಷಪ್ ಮಾಮೆರ್ಟಸ್ ಆರಂಭಿಸಿದ ಪ್ರಾರ್ಥನೆಯ ಮೆರವಣಿಗೆಗಳು, ಮುಂದೆ ಯುರೋಪಿನ ಹಳ್ಳಿಗಳಲ್ಲಿ ಬೆಳೆ ಕಾಯೆಂದು ಬೇಡುತ್ತ ಹೊಲ ಸುತ್ತುವ ಪದ್ಧತಿಯಾದವು. ಅಥರ್ವವೇದದ 12ನೇ ಕಾಂಡದ ಭೂಮಿ ಸೂಕ್ತದ ಬೇಡಿಕೆ ಬೇರೆ ಬಗೆಯದು. ಅಗೆದದ್ದು ಬೇಗ ಚಿಗುರಲಿ ಎಂದು ಕೇಳುವ ಉಸಿರಿನಲ್ಲೇ ಅಲ್ಲಿಯ ಋಷಿ, ಅಗೆಯುವಾಗ ನಿನ್ನ ಮರ್ಮಕ್ಕೆ ನೋವಾಗದಿರಲಿ ಎಂದೂ ಹೇಳಿಕೊಳ್ಳುತ್ತಾನೆ.

ಭೂಮಿ ಹುಣ್ಣಿಮೆ ಈ ಎರಡನೆಯ ಮನಸ್ಸಿಗೆ ಹತ್ತಿರ. ಫಸಲು ಕಣಕ್ಕೆ ಬಂದ ಮೇಲೆ ಸಲ್ಲಿಸುವ ಕೃತಜ್ಞತೆ ಇದಲ್ಲ. ಕಾಳೋ ಜೊಳ್ಳೋ ಇನ್ನೂ ಗೊತ್ತಿಲ್ಲದ ಹೊತ್ತಿನಲ್ಲಿ ಬಡಿಸುವ ಊಟ. ಮನೆಯ ಬಸುರಿಗೆ ಬಯಕೆ ತೀರಿಸುವಾಗ ಯಾರೂ ಹುಟ್ಟುವ ಮಗುವಿನ ಲೆಕ್ಕ ಹಾಕುವುದಿಲ್ಲ. ಅವಳು ಬಸುರಿ, ಅವಳಿಗೆ ಹಸಿವಿದೆ, ಅಷ್ಟು ಸಾಕು.

ಈ ಮಾತಿಗೆ ನೆಲದ ಚರಿತ್ರೆಯೇ ಸಾಕ್ಷಿ. ಹಬ್ಬ ಮಾಡುತ್ತಿದ್ದ ಅನೇಕರಿಗೆ ಗದ್ದೆ ಸ್ವಂತದ್ದಾಗಿರಲಿಲ್ಲ. 1951ರಲ್ಲಿ ಸಾಗರದ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ, ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲವಾಗಿತ್ತು. ಬೆಳೆದ ಭತ್ತ ಒಡೆಯರ ಕಣಜ ಸೇರುತ್ತಿದ್ದಾಗಲೂ ಭೂಮಿಯ ಎಡೆ ತಪ್ಪಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಗದ್ದೆಗಳು ಮುಳುಗಿದವು. ಹೊಸ ನೆಲ ಹುಡುಕಿ ಹೊರಟ ಮನೆತನಗಳ ಜೊತೆ ಹಬ್ಬವೂ ಹೋಯಿತು. ಕೊಟ್ಟದ್ದಕ್ಕೆ ಪ್ರತಿಫಲ ಎಂಬ ವ್ಯವಹಾರವಾಗಿದ್ದರೆ ಅದು ಎಂದೋ ಮುರಿದುಬೀಳಬೇಕಿತ್ತು.

ಆದರೆ ಭಕ್ತಿ ಎಂದರೆ ಕೈಕಟ್ಟಿ ಕೂರುವುದಲ್ಲ. ಯೂರಿಯಾ ಅತಿಯಾದ ಗದ್ದೆಯಲ್ಲಿ ಪೈರು ಕಡುಹಸಿರಾಗಿ, ಮೆತ್ತಗಾಗಿ, ಬೆಂಕಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಬಸುರಿಯ ಬಯಕೆ ಏನೆಂದು ಕೇಳಿ ಬಡಿಸುವುದು ಬೇರೆ, ನಮ್ಮ ಅವಸರಕ್ಕೆ ಅವಳ ಬಾಯಿಗೆ ತುರುಕುವುದು ಬೇರೆ.

ಈ ಸಲ ಬುಟ್ಟಿ ಹೊತ್ತವರು ಹುಣ್ಣಿಮೆಯ ಮರುದಿನವೂ ಗದ್ದೆಗೆ ಇಳಿಯಲಿ. ಇಬ್ಬನಿ ಆರುವ ಮೊದಲೇ ಹಾಳಿಯ ಮೇಲೆ ನಡೆದು ನಾಲ್ಕು ಗರಿ ತಿರುಗಿಸಿ ನೋಡಲಿ. ಬೂದಿಬಣ್ಣದ ಚುಕ್ಕೆ ಕಂಡರೆ ಯೂರಿಯಾ ನಿಲ್ಲಿಸಿ, ಆ ಗರಿಯನ್ನು ಅಂದೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಲಿ.