ವಿದ್ಯೆಯ ದಾನಕ್ಕೆ ಯಾವ ಷರತ್ತು?

ಗೋವಾದ ಮುರಗಾಂವ ತಾಲ್ಲೂಕಿನ ಸಾಂಕವಾಳ ಗ್ರಾಮಕ್ಕೆ ಎರಡು ಗುರುತುಗಳಿವೆ. ಪಾಲಿ ಭಾಷೆಯ ದೊಡ್ಡ ವಿದ್ವಾಂಸ ಧರ್ಮಾನಂದ ಕೋಸಂಬಿ 1876ರಲ್ಲಿ ಹುಟ್ಟಿದ್ದು ಅಲ್ಲಿ. ಜುವಾರಿನಗರದ ಕಾರ್ಖಾನೆ, ಅದರ ಸುತ್ತ ಬೆಳೆದ ಕೂಲಿಕಾರರ ವಸತಿ, ಗುಡ್ಡದ ಮೇಲಿನ ಬಿಟ್ಸ್ ಕಾಲೇಜು ಇರುವುದೂ ಅದೇ ಗ್ರಾಮದಲ್ಲಿ. ಆ ವಸತಿಯ ಓಣಿಗಳಲ್ಲಿ ಕಿವಿಗೆ ಬೀಳುವುದು ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕನ್ನಡ. ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ಬಂದರಿನ ಹಮಾಲಿ ಎಂದು ಬಂದವರ ಎರಡನೆಯ, ಮೂರನೆಯ ತಲೆಮಾರು ಈಗ ಅಲ್ಲಿದೆ. 2011ರ ಜನಗಣತಿಯಂತೆ ಗೋವಾದ ಜನರಲ್ಲಿ ಶೇಕಡಾ 4.65 ಮಂದಿಯ ಮಾತೃಭಾಷೆ ಕನ್ನಡ; ಲೆಕ್ಕ ಹಾಕಿದರೆ ಸುಮಾರು 68 ಸಾವಿರ ಜನ.

ಕೋಸಂಬಿ ಕಲಿಯುವ ಹಂಬಲದಿಂದ 1899ರಲ್ಲಿ ಊರು ಬಿಟ್ಟರು. ಮನೆಮಾತು ಕೊಂಕಣಿ, ಓದು ಮರಾಠಿಯಲ್ಲಿ, ಇಂಗ್ಲಿಷ್ ದಕ್ಕಿದ್ದು ತಡವಾಗಿ. ಅಂಥವರು ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಲಿ ಗ್ರಂಥ ಸಂಪಾದನೆಗೆ ಕುಳಿತರು. ನಡುವಿನ ದಾರಿಯನ್ನು ನಡೆಸಿದ್ದು ಪರರ ಅನ್ನ. ಕಾಶಿಯಲ್ಲಿ ಸಂಸ್ಕೃತ ಕಲಿಯುವಾಗ ಹೊಟ್ಟೆ ತುಂಬಿಸಿದ್ದು ಅನ್ನಛತ್ರ. ಬೌದ್ಧಧರ್ಮ ಅರಸಿ ಸಿಂಹಳಕ್ಕೆ ಹೋದಾಗ ಕೈಹಿಡಿದದ್ದು ವಿದ್ಯೋದಯ ವಿಹಾರ. ಕಲ್ಕತ್ತಾ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಬಂದಮೇಲೆ ತಿಂಗಳಿಗೆ 50 ರೂಪಾಯಿ ಕೊಟ್ಟವರು ಬರೋಡೆಯ ಸಯಾಜಿರಾವ್ ಗಾಯಕವಾಡರು.

ಮೂವರು ದಾನಿಗಳು, ಮೂರು ಬಗೆಯ ಷರತ್ತು. ಕಾಶಿಯ ಛತ್ರ ಕೇಳಿದ್ದು ಬ್ರಾಹ್ಮಣ ಹುಟ್ಟನ್ನು. ವಿಹಾರ ಕೇಳಿದ್ದು ದೀಕ್ಷೆಯ ಶಿಸ್ತನ್ನು. ಮಹಾರಾಜರು ಕೇಳಿದ್ದು ಮಹಾರಾಷ್ಟ್ರದಲ್ಲಿದ್ದು ಕೆಲಸ ಮಾಡಬೇಕೆಂದು. ವಿದ್ಯೆ ಕೊಡುವವನು ಪಡೆಯುವವನಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು? ಧರ್ಮಗ್ರಂಥಗಳ ಈ ಹಳೆಯ ಚರ್ಚೆ ಇವತ್ತು ಕಾಲೇಜಿನ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಮುಂದುವರಿದಿದೆ.

ಗೋವಾದಲ್ಲಿ ಈ ಪ್ರಶ್ನೆಗೆ ಐದು ಶತಮಾನಗಳ ವಯಸ್ಸು. 1541ರಲ್ಲಿ ಅಲ್ಲಿ ಪವಿತ್ರ ವಿಶ್ವಾಸದ ಸಂಘವೊಂದು ಹುಟ್ಟಿತು. ಅದರ ಕೈಕೆಳಗೆ ಎದ್ದ ವಿದ್ಯಾಲಯವೇ ಮುಂದೆ ಜೆಸ್ವಿಟರ ಸಂತ ಪೌಲರ ಕಾಲೇಜು. ಕೊಂಕಣಿ, ಮಲಯಾಳಿ, ಮಲಯ, ಆಫ್ರಿಕದ ಹುಡುಗರಿಗೆ ಅಲ್ಲಿ ಊಟ, ಬಟ್ಟೆ, ವಸತಿ, ಪಾಠ ಎಲ್ಲವೂ ಉಚಿತ. ಮನೆಯಲ್ಲಿ ಕೇಳದ ಪೋರ್ಚುಗೀಸ್ ಮತ್ತು ಲ್ಯಾಟಿನ್‌ಗಳನ್ನು ಅವರು ಅಲ್ಲಿ ಕಲಿತರು. ಫ್ರಾನ್ಸಿಸ್ ಕ್ಸೇವಿಯರ್‌ಗೆ ಜಪಾನಿನ ದಾರಿ ತೋರಿಸಿದ ಆಂಜಿರೊ ಕೂಡ 1548ರಲ್ಲಿ ಅಲ್ಲಿಯ ವಿದ್ಯಾರ್ಥಿ. ಪರಭಾಷೆಯಲ್ಲಿ ಕಲಿಯುವವರಿಗೆ ಪೂರ್ಣ ವಿದ್ಯಾರ್ಥಿವೇತನ ಕೊಟ್ಟ ನಮ್ಮ ದೇಶದ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಆದರೆ ಹಣ ಬಂದದ್ದು ಎಲ್ಲಿಂದ? ತಿಸವಾಡಿಯಲ್ಲಿ ಕೆಡವಿದ ದೇವಾಲಯಗಳ ಜಮೀನಿನ ಉತ್ಪನ್ನವನ್ನು ಆ ಸಂಘಕ್ಕೆ ವರ್ಗ ಮಾಡಲಾಗಿತ್ತು. ಒಬ್ಬರ ದೇವರ ಉಂಬಳಿ ಇನ್ನೊಬ್ಬರ ದೇವರ ಪಾಠಶಾಲೆಯ ಖರ್ಚಿಗೆ ಹೋಯಿತು. ಅನ್ನ ನಿಜ, ಅಕ್ಷರ ನಿಜ, ಅದರ ಹಿಂದಿನ ದೋಚುವಿಕೆಯೂ ನಿಜ.

ಅದೇ ಜೆಸ್ವಿಟ್ ಪರಂಪರೆಯಲ್ಲಿ ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಸಿಗುತ್ತದೆ. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಸಾಷ್ಟಿಯ ಜನರಿಗೆ ತನ್ನ ಭಾಷೆ ಕಲಿಸಲು ಹೋಗಲಿಲ್ಲ. ತಾನೇ ಕೊಂಕಣಿ, ಮರಾಠಿ ಕಲಿತ. 1616ರಲ್ಲಿ ಅಚ್ಚಾದ ಅವನ ಕ್ರಿಸ್ತಪುರಾಣ ಮರಾಠಿಯ ಓವಿ ಛಂದಸ್ಸಿನಲ್ಲಿದೆ. ಉದ್ದೇಶ ಮತಬೋಧನೆಯೇ ಇರಬಹುದು. ಭಾಷೆ ಕಲಿಯುವ ಕಷ್ಟವನ್ನು ಮಾತ್ರ ಕೊಡುವವನೇ ಹೊತ್ತ. ಆ ಭಾರವನ್ನು ಸರ್ಕಾರ 1684ರಲ್ಲಿ ಮತ್ತೆ ಜನರ ತಲೆಗೆ ಹೊರಿಸಿತು: ಮೂರು ವರ್ಷದೊಳಗೆ ಎಲ್ಲರೂ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ವೈಸರಾಯ್ ಆಜ್ಞೆ ಹೊರಡಿಸಿದ. ಆಜ್ಞೆ ಹೊರಡಿಸಿದವರು ಹೋದರು, ಕೊಂಕಣಿ ಉಳಿಯಿತು.

ಭಾರತೀಯ ಚಿಂತನೆ ದಾನವನ್ನು ಬಿಡಿಸಿ ನೋಡಿದ ಬಗೆ ಬೇರೆ. ದೇಶ, ಕಾಲ, ಪಾತ್ರ ಈ ಮೂರನ್ನೂ ಅರಿತು, ಮರಳಿ ಏನನ್ನೂ ಬಯಸದೆ ಕೊಟ್ಟದ್ದು ಸಾತ್ವಿಕ ಎಂದು ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ತೊಡಕು ಇರುವುದು ಪಾತ್ರದಲ್ಲಿ. ಯೋಗ್ಯ ಯಾರು ಎಂದು ತೀರ್ಮಾನಿಸುವ ಅಧಿಕಾರ ಕೊಡುವವನ ಕೈಯಲ್ಲಿ ಉಳಿದಿರುವ ತನಕ ದಾನ ಅವನ ಲೋಕದೃಷ್ಟಿಯ ಅಳತೆಯನ್ನು ಮೀರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕೈಯಿಟ್ಟದ್ದು ಇಲ್ಲಿಗೇ. ದಾಸೋಹದಲ್ಲಿ ಕೊಡುವವನು ಮೇಲೆ ನಿಲ್ಲುವಂತಿಲ್ಲ; ಕಾಯಕದಿಂದ ಬಂದದ್ದನ್ನು ಸಮಾಜಕ್ಕೆ ಸಲ್ಲಿಸುವ ಸೇವಕ ಅವನು. ತುಮಕೂರಿನ ಸಿದ್ಧಗಂಗಾ ಮಠ ಅನ್ನ, ಅಕ್ಷರ, ಆಶ್ರಯದ ತ್ರಿವಿಧ ದಾಸೋಹವಾಗಿ ಇದನ್ನು ನಡೆಸಿಕೊಂಡು ಬಂದಿದೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲೇ ಅಲ್ಲಿ ಜಾತಿ, ಮತ ನೋಡದೆ ಸುಮಾರು ಹತ್ತು ಸಾವಿರ ಮಕ್ಕಳು ಉಂಡು ಓದುತ್ತಿದ್ದರು.

ಆದರೆ ಕನ್ನಡ ನಾಡಿನ ವಿದ್ಯಾದಾನವೆಲ್ಲ ಹೀಗೆ ಬಾಗಿಲು ತೆರೆದಿಟ್ಟಿತೆಂದು ಹೇಳುವಂತಿಲ್ಲ. ಗೋವಾ ಗಡಿಗೆ ಅಂಟಿಕೊಂಡ ಬೆಳಗಾವಿ ಸೀಮೆಯಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟರು. ಮಕ್ಕಳಿಲ್ಲದ ದೇಸಾಯಿಯ ಆ ಮೃತ್ಯುಪತ್ರ ಎಷ್ಟೋ ಹಳ್ಳಿ ಹುಡುಗರನ್ನು ಇಂಗ್ಲಿಷ್ ಕಾಲೇಜುಗಳ ಮೆಟ್ಟಿಲು ಹತ್ತಿಸಿತು. ಅದರ ಪಾತ್ರ ಲಿಂಗಾಯತ ಸಮುದಾಯ. ಅಂದಿಗೆ ಆ ಸಮುದಾಯದಲ್ಲಿ ಕಾಲೇಜು ಕಂಡವರು ಬೆರಳೆಣಿಕೆಯವರಾದ್ದರಿಂದ ಅದಕ್ಕೆ ಸಮರ್ಥನೆ ಇತ್ತು. ಆದರೂ ಪಕ್ಕದ ಕೇರಿಯ ಹುಡುಗನಿಗೆ ಅದು ಮುಚ್ಚಿದ ಬಾಗಿಲೇ.

ಹಾಗಾದರೆ ಹುಟ್ಟನ್ನು ಕೇಳದೆ ಸೇವೆಯನ್ನು ಕೇಳಿದರೆ? ಅದಕ್ಕೆ ಉತ್ತರ ಅಂಬೇಡ್ಕರ್ ಅವರ ಬದುಕಿನಲ್ಲಿದೆ. 1913ರಲ್ಲಿ ಸಯಾಜಿರಾವ್ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಮುಂದಿನ ಕೆಲಸವನ್ನು ಕೇಳುವ ಆ ಷರತ್ತು ಅನ್ಯಾಯದ್ದಲ್ಲ. 1917ರಲ್ಲಿ ಅಂಬೇಡ್ಕರ್ ಕರಾರಿನಂತೆ ಬರೋಡೆಗೆ ಬಂದರು; ಅಸ್ಪೃಶ್ಯನಿಗೆ ಊರಿನಲ್ಲಿ ಬಾಡಿಗೆ ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿ ವಸತಿಗೃಹದಲ್ಲಿ ಉಳಿದವರನ್ನು ದೊಣ್ಣೆ ಹಿಡಿದ ಗುಂಪು ಹೊರಗಟ್ಟಿತು. ವಿದ್ಯಾರ್ಥಿಯಿಂದ ಕರಾರು ಬರೆಸಿಕೊಂಡ ಸಂಸ್ಥಾನದ ಊರು ಅದನ್ನು ತೀರಿಸಲು ಅವಕಾಶವನ್ನೇ ಕೊಡಲಿಲ್ಲ.

ಇಂದಿನ ಗಣರಾಜ್ಯದ ಸ್ಕಾಲರ್‌ಶಿಪ್ಪು ಸಾಮಾನ್ಯವಾಗಿ ಮತವನ್ನಾಗಲಿ ದೀಕ್ಷೆಯನ್ನಾಗಲಿ ಕೇಳುವುದಿಲ್ಲ. ಅದು ಕೇಳುವುದು ಕಾಗದ. ಗೋವಾದಲ್ಲಿ ಸರ್ಕಾರಿ ನೌಕರಿಗೂ ಹಲವು ಯೋಜನೆಗಳಿಗೂ 15 ವರ್ಷದ ವಾಸ್ತವ್ಯದ ಸರ್ಟಿಫಿಕೇಟ್ ಬೇಕು. ಗುಡಿಸಲು ಬದಲಿಸುತ್ತ, ಮಳೆಗಾಲಕ್ಕೆ ಊರಿಗೆ ಹೋಗಿ ಬರುವ ಕುಟುಂಬದ ಬಳಿ ಆ ವರ್ಷಗಳು ಇರುತ್ತವೆ, ಅವುಗಳ ರಸೀತಿ ಇರುವುದಿಲ್ಲ. ಜಾತಿ ಪ್ರಮಾಣಪತ್ರದ ಗಂಟು ಇನ್ನೂ ಬಿಗಿ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯವರು. ಗೋವಾದ ಪಟ್ಟಿಯಲ್ಲಿ ಇರುವ ಐದು ಜಾತಿಗಳಲ್ಲಿ ಅವರಿಲ್ಲ. ಕಲಂಗುಟದ ಕಡಲ ದಂಡೆಯಲ್ಲಿ ಕನ್ನಡಿ ಕಸೂತಿಯ ಬಟ್ಟೆ ಮಾರುವ ತಾಯಿಯ ಮಗಳು ತಾಂಡಾದ ನಂಟು ತೋರಿಸಿದರೂ ಗೋವಾದ ಲೆಕ್ಕದಲ್ಲಿ ಪರಿಶಿಷ್ಟಳಲ್ಲ. ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಈ ತತ್ವವನ್ನು ಖಚಿತಪಡಿಸಿತು: ಒಂದು ರಾಜ್ಯದಲ್ಲಿ ಹಿಂದುಳಿದ ಸಮುದಾಯ ಇನ್ನೊಂದರಲ್ಲೂ ಹಾಗೆಯೇ ಇರಬೇಕೆಂದಿಲ್ಲ, ಆದ್ದರಿಂದ ಆ ಸ್ಥಾನ ವಲಸೆಯ ಜೊತೆ ಬರುವುದಿಲ್ಲ. ತರ್ಕ ಅಲ್ಲಗಳೆಯುವಂಥದ್ದಲ್ಲ, ಗೀತೆಯ ದೇಶ, ಕಾಲ, ಪಾತ್ರದ ವಿವೇಕವೇ ಅಲ್ಲಿಯೂ ಕೆಲಸ ಮಾಡಿದೆ. ಆದರೆ ಬಡತನ ಮತ್ತು ಅವಮಾನ ರೈಲು ಹತ್ತಿ ಬರುತ್ತವೆ, ಪರಿಹಾರ ಮಾತ್ರ ಗಡಿಯಲ್ಲಿ ಇಳಿದುಬಿಡುತ್ತದೆ.

ಇನ್ನೊಂದು ಷರತ್ತು ಯಾವ ಅರ್ಜಿಯಲ್ಲೂ ಅಚ್ಚಾಗಿಲ್ಲ. ಅದು ಇಂಗ್ಲಿಷ್.

ಮುರಗಾಂವ ತಾಲ್ಲೂಕಿನ ವಾಸ್ಕೋ ಸುತ್ತಮುತ್ತ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿವೆ. ಆದರೆ ಗೋವಾದಲ್ಲಿ ಐದನೆಯ ತರಗತಿಯಿಂದ ಮುಂದೆ ಬಹುಮಟ್ಟಿಗೆ ಎಲ್ಲ ಶಾಲೆಗಳ ಪಾಠ ಇಂಗ್ಲಿಷಿನಲ್ಲೇ. ಮನೆಯಲ್ಲಿ ಕನ್ನಡ, ಗೆಳೆಯರೊಡನೆ ಕೊಂಕಣಿ, ಅಂಗಡಿಯಲ್ಲಿ ಹಿಂದಿ ಆಡುವ ಮಗು ಹತ್ತನೆಯ ವಯಸ್ಸಿಗೆ ವಿಜ್ಞಾನವನ್ನು ನಾಲ್ಕನೆಯ ಭಾಷೆಯಲ್ಲಿ ಕಲಿಯಲು ಶುರುಮಾಡುತ್ತದೆ. ಪರಭಾಷೆಯಲ್ಲಿ ಕಲಿಯುವ ಈ ಕಷ್ಟವನ್ನು ಗೋವಾದ ಸಾರಸ್ವತರೂ ಕ್ರೈಸ್ತರೂ ಬಲ್ಲರು. 1990ರಲ್ಲಿ ಸರ್ಕಾರ ಪ್ರಾದೇಶಿಕ ಭಾಷೆಯ ಪ್ರಾಥಮಿಕ ಶಾಲೆಗಳಿಗೆ ಮಾತ್ರ ಅನುದಾನ ಎಂದಾಗ ಚರ್ಚಿನ ಶಾಲೆಗಳು ಕೊಂಕಣಿಗೆ ತಿರುಗಿದವು. 2011ರಲ್ಲಿ ದಿಗಂಬರ ಕಾಮತ್ ಸರ್ಕಾರ ಇಂಗ್ಲಿಷಿಗೂ ಅನುದಾನ ತೆರೆಯಿತು. ಮಾತೃಭಾಷೆಯ ಪರ ದೊಡ್ಡ ಚಳವಳಿಯೇ ಎದ್ದಿತು. ಎರಡೂ ಬಣಗಳು ವಾದಿಸಿದ್ದು ಮಗುವಿನ ಹಿತದ ಹೆಸರಿನಲ್ಲಿ. ಕನ್ನಡದ ಮಗು ಮಾತ್ರ ಆ ವಾದದಲ್ಲಿ ಬಹುತೇಕ ಕಾಣಿಸಲಿಲ್ಲ. ಮಾತೃಭಾಷೆಯೆಂದರೆ ಅಲ್ಲಿ ಕೊಂಕಣಿ ಅಥವಾ ಮರಾಠಿ.

ಹನ್ನೆರಡನೆಯ ತರಗತಿ ಮುಗಿದಾಗ ಬರುವುದು ಅಂಕದ ಪ್ರಶ್ನೆ. ಕೇಂದ್ರ ಸರ್ಕಾರದ ಕಾಲೇಜು ವಿದ್ಯಾರ್ಥಿವೇತನ ಪದವಿಗೆ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷ ದಾಟಬಾರದು. ಜೊತೆಗೆ ಆಯಾ ಬೋರ್ಡಿನ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 20ರೊಳಗೆ ಇರಬೇಕು. ನಿಯಮ ಯಾರಿಗೂ ಪಕ್ಷಪಾತ ಮಾಡದಂತೆ ಕಾಣುತ್ತದೆ. ಆದರೆ ಇಂಗ್ಲಿಷಿನಲ್ಲಿ ಬರೆದ ಅರ್ಥಶಾಸ್ತ್ರದ ಉತ್ತರ ಅಳೆಯುವುದು ಅರ್ಥಶಾಸ್ತ್ರವನ್ನಷ್ಟೇ ಅಲ್ಲ, ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತೇ ಎಂಬುದನ್ನೂ. ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರ ತನ್ನ ನ್ಯಾಯಸಿದ್ಧಾಂತದಲ್ಲಿ ವಾದಿಸಿದ್ದು ಇದನ್ನೇ: ಹುಟ್ಟಿನಿಂದ ಬಂದ ಪ್ರತಿಭೆ ಯಾರ ಗಳಿಕೆಯೂ ಅಲ್ಲ, ಶ್ರಮಪಡುವ ಮನಸ್ಸು ಕೂಡ ಮನೆ, ಪರಿಸರ ಕೊಟ್ಟದ್ದು. ಅದನ್ನು ಒಪ್ಪಿದರೆ ಅಂಕಪಟ್ಟಿ ಕಾಶಿಯ ಛತ್ರದಿಂದ ನಾವು ತಿಳಿದಷ್ಟು ದೂರದಲ್ಲಿಲ್ಲ.

ಇದಕ್ಕೆ ಎದುರುವಾದವೂ ಗಟ್ಟಿಯಾಗಿದೆ. ಹಣಕ್ಕೆ ಮಿತಿ ಇದೆ, ಅರ್ಜಿಗಳು ಹೆಚ್ಚು, ಆರಿಸಲು ಯಾವುದೋ ಅಳತೆ ಬೇಕೇಬೇಕು. ಅಂಕ ಬಿಟ್ಟರೆ ಉಳಿಯುವುದು ಶಿಫಾರಸು, ಅದು ಇನ್ನೂ ಕೆಟ್ಟದ್ದು. ಈ ಮಾತು ಸರಿ. ಹಾಗಾಗಿ ಷರತ್ತೇ ಬೇಡ ಎನ್ನುವುದಕ್ಕಿಂತ ಷರತ್ತುಗಳನ್ನು ವಿಂಗಡಿಸುವುದು ಮೇಲು. ತರಗತಿಗೆ ಬಾ, ಪಾಸಾಗು, ಕೋರ್ಸ್ ಮುಗಿಸು ಎನ್ನುವುದು ವಿದ್ಯಾರ್ಥಿ ಮಾಡಿ ತೋರಿಸಬಹುದಾದದ್ದು. ಯಾರ ಮಗ, ಯಾವ ಊರು, ಮನೆಯಲ್ಲಿ ಯಾವ ನುಡಿ ಎನ್ನುವುದು ಅವನ ಕೈಯಲ್ಲಿ ಇಲ್ಲದ್ದು. ಎರಡನೆಯ ಬಗೆಯನ್ನು ಕೊರತೆ ತುಂಬಲು ಕೇಳಿದರೆ ನ್ಯಾಯ, ಹೊರಗಿಡಲು ಕೇಳಿದರೆ ಅಲ್ಲ. ಇಂಗ್ಲಿಷಿನಲ್ಲಿ ಎಡವುವ ಹುಡುಗನಿಗೆ ಶುಲ್ಕದ ಜೊತೆಗೆ ಮೊದಲ ವರ್ಷ ಭಾಷೆಯ ಪಾಠಕ್ಕೂ ಹಣ ಕೊಟ್ಟರೆ, ಸ್ಟೀಫನ್ಸ್ ಹೊತ್ತ ಭಾರದ ಒಂದು ಪಾಲನ್ನಾದರೂ ಕೊಡುವವರು ಹೊತ್ತಂತಾಗುತ್ತದೆ.

ಇಂಥದೊಂದು ದಾರಿ ಕಾನೂನಿನಲ್ಲಿ ಆಗಲೇ ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಿಂದ ಹುಟ್ಟಿದ ವ್ಯವಸ್ಥೆಯಲ್ಲಿ ಪ್ರತಿ ರಾಜ್ಯದ ಕಲ್ಯಾಣ ಮಂಡಳಿ ನಿರ್ಮಾಣ ವೆಚ್ಚದ ಶೇಕಡಾ ಒಂದರಷ್ಟು ಸೆಸ್ ಪಡೆಯುತ್ತದೆ. ನೋಂದಾಯಿತ ಕಾರ್ಮಿಕರ ಮಕ್ಕಳ ವಿದ್ಯಾಭ್ಯಾಸದ ನೆರವೂ ಅದರ ಕೆಲಸಗಳಲ್ಲೊಂದು. ನೋಂದಣಿಗೆ ಬೇಕಾದದ್ದು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ. ಪಣಜಿಯಲ್ಲೋ ಪೊರ್ವರಿಮಿನಲ್ಲೋ ಗೋಡೆ ಕಟ್ಟಿದ ಗೌಂಡಿಯ ಮಗಳು ಅಲ್ಲಿ ಕೈಯೊಡ್ಡುವುದಿಲ್ಲ. ಅಪ್ಪನ ಕಾಯಕದ ಪಾಲನ್ನು ಕೇಳುತ್ತಾಳೆ. ಆದರೆ ಮನೆಗೆಲಸದ ತಾಯಿ, ಮೀನು ಹೊರುವ ಅಪ್ಪ, ಕಡಲ ದಂಡೆಯಲ್ಲಿ ಬಟ್ಟೆ ಮಾರುವವಳು ಈ ವ್ಯವಸ್ಥೆಯ ವ್ಯಾಪ್ತಿಗೆ ಬರುವುದಿಲ್ಲ. ಅವರ ದುಡಿಮೆಯಿಂದಲೂ ಗೋವಾದ ಪ್ರವಾಸೋದ್ಯಮ ಲಾಭ ಮಾಡಿಕೊಳ್ಳುತ್ತದೆ. ಅದರ ಮೇಲೆ ಇಂಥದೇ ಸೆಸ್ ಹಾಕಿ ಅವರ ಮಕ್ಕಳ ಓದಿಗೆ ಏಕೆ ಕೊಡಬಾರದು ಎಂಬ ಪ್ರಶ್ನೆಯನ್ನು ಪೊರ್ವರಿಮಿನ ವಿಧಾನಸಭೆಯಲ್ಲೇ ಕೇಳಬೇಕು.